ಸೋಲಾರ್ ಪಂಪ್ ಕಂಟ್ರೋಲರ್ ಮಾಡುವ ಸಣ್ಣ ಘಟಕ ಶುರು ಮಾಡಬೇಕು ಅಂತಿದ್ದೇನೆ, ಆದರೆ ಸರ್ಕಾರದ ನಿಯಮ ನಂಬಿ ಸಾಲ ಮಾಡಬಹುದಾ?

ಹಿರಿಯೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಬೆಂಗಳೂರಿನಲ್ಲಿ ಮೋಟರ್ ಡ್ರೈವ್ ಮಾಡುವ ಕಡೆ ಕೆಲವು ವರ್ಷ ಕೆಲಸ ಮಾಡಿ ಈಗ ಹಿರಿಯೂರಿಗೆ ವಾಪಸ್ ಬಂದಿದ್ದೇನೆ.

ನಮ್ಮ ಕಡೆ ಬೋರ್‌ವೆಲ್ ಎಷ್ಟು ಆಳ ಅಂತ ಗೊತ್ತಲ್ಲ. ಅಷ್ಟು ಆಳಕ್ಕೆ ಸೋಲಾರ್ ಪಂಪ್ ಹಾಕಿದರೆ ಒಂದು ತೊಂದರೆ ಇದೆ. ಮೋಡ ಅಡ್ಡ ಬಂದ ತಕ್ಷಣ ಕಂಟ್ರೋಲರ್ ಮೋಟರಿನ ವೇಗ ಇಳಿಸುತ್ತದೆ. ವೇಗ 80%ಗೆ ಬಂದರೆ ಪಂಪು ನೀರನ್ನು ಎತ್ತುವ ಎತ್ತರ ಸುಮಾರು 64%ಗೆ ಬೀಳುತ್ತದೆ. ಅಂದರೆ ಮೋಟರ್ ತಿರುಗುತ್ತಿದೆ, ಶಬ್ದ ಬರುತ್ತಿದೆ, ಪೈಪಿನ ಬಾಯಲ್ಲಿ ಮಾತ್ರ ಒಂದು ಹನಿ ನೀರಿಲ್ಲ. ಒಳಗಿನ ನೀರು ಕದಲದೆ ಮೋಟರ್ ಬಿಸಿಯಾಗುತ್ತದೆ. ಸುಟ್ಟರೆ ಎತ್ತುವ ಖರ್ಚು ರೈತನದ್ದೇ. ಇದನ್ನು ಮೊದಲೇ ಗುರುತಿಸಿ ನಿಲ್ಲಿಸುವ, ಬಿಸಿಲು ಬಂದಾಗ ತಾನಾಗಿ ಮತ್ತೆ ಶುರು ಮಾಡುವ ಒಂದು ಕಂಟ್ರೋಲರ್ ಮಾಡಿದ್ದೇನೆ. ಮನೆಯ ಬೋರ್‌ನಲ್ಲಿ ಚೆನ್ನಾಗಿ ಓಡುತ್ತಿದೆ.

ಈಗ ಇದನ್ನು ನೂರರ ಲೆಕ್ಕದಲ್ಲಿ ತಯಾರಿಸಬೇಕು ಅಂದರೆ ಶೆಡ್ಡು, ಟೆಸ್ಟ್ ಬೆಂಚು, ಇಬ್ಬರು ಹುಡುಗರು, ಎಲ್ಲಕ್ಕೂ ಸಾಲ ಬೇಕು. ಗಿರಾಕಿ ಯಾರು ಅಂದರೆ ಪಿಎಂ ಕುಸುಮ್, ರೈತರಿಗೆ ಸಬ್ಸಿಡಿಯಲ್ಲಿ ಸೋಲಾರ್ ಪಂಪ್ ಕೊಡುವ ಯೋಜನೆ. ಕೇಂದ್ರ 30%, ರಾಜ್ಯ 50%, ರೈತ 20% ಅನ್ನುವ ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ 2019ರಲ್ಲಿ ಶುರುವಾದ ಈ ಯೋಜನೆ 2022ಕ್ಕೆ ಮುಗಿಯಬೇಕಿತ್ತು, ಆಮೇಲೆ ಗಡುವು 2026ರ ಮಾರ್ಚ್‌ಗೆ ಹೋಯಿತು. ಇನ್ನೊಂದು ಕಡೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಯಾವ ದಿನ ಯಾವ ನಿಯಮ ಬದಲಾಗುತ್ತದೋ ಅಂತ ಅಪ್ಪ ಸಾಲಕ್ಕೆ ಸಹಿ ಹಾಕಲು ಒಪ್ಪುತ್ತಿಲ್ಲ.

ನನ್ನ ಪ್ರಶ್ನೆ ಎರಡು. ಈ ಅನಿಶ್ಚಿತತೆ ನಿಜಕ್ಕೂ ಅಷ್ಟು ಕೆಟ್ಟದ್ದಾ, ಅಥವಾ ನಾವೇ ಸುಮ್ನೆ ಹೆದರುತ್ತಿದ್ದೇವಾ? ಮತ್ತೆ, ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಬಿಸಿಲೂ ಇದೆ, ಗಾಳಿಯೂ ಇದೆ, ಗುಡ್ಡದ ಮೇಲೆಲ್ಲ ಫ್ಯಾನ್ ತಿರುಗುತ್ತಿವೆ. ಆದರೂ ಒಂದು ಬೋಲ್ಟ್ ಕೂಡ ಇಲ್ಲಿ ತಯಾರಾಗುವುದಿಲ್ಲ ಯಾಕೆ?

ಛಾವಣಿ ಸೋಲಾರ್

ಹುಬ್ಬಳ್ಳಿಯಿಂದ. ಮನೆ ಮತ್ತು ಮಿಲ್ಲುಗಳ ಮೇಲೆ ಸೋಲಾರ್ ಹಾಕುವುದು ನನ್ನ ಕಸುಬು. ಹೆದರಿಕೆ ಸುಳ್ಳಲ್ಲ ಮಾರಾಯ, ಕೇಳು.

2020ರ ಡಿಸೆಂಬರ್ ಕೊನೆಗೆ ಕೇಂದ್ರದಿಂದ ಒಂದು ನಿಯಮ ಬಂತು, 10 ಕಿಲೋವ್ಯಾಟ್‌ವರೆಗೆ ಮಾತ್ರ ನೆಟ್ ಮೀಟರಿಂಗ್ ಅಂತ. ಅಂದರೆ ಗ್ರಿಡ್ಡಿಗೆ ಕೊಟ್ಟ ಸೋಲಾರ್ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯುವ ಪದ್ಧತಿ. ಆಗ ನಮ್ಮ ಕೈಯಲ್ಲಿ ಒಂದು ಅವಲಕ್ಕಿ ಮಿಲ್ಲಿನ ಕೆಲಸ ಇತ್ತು. ಶೀಟಿನ ಅಳತೆ ತೆಗೆದು, ನೆರಳು ಎಲ್ಲಿ ಬೀಳುತ್ತದೆ ನೋಡಿ, ಡ್ರಾಯಿಂಗ್ ಮಾಡಿ, ಮಾಲೀಕರು ಅಡ್ವಾನ್ಸ್ ಕೊಡುವ ಹಂತಕ್ಕೆ ಬಂದಿದ್ದರು. ಪೇಪರ್‌ನಲ್ಲಿ ಸುದ್ದಿ ನೋಡಿ "ಸ್ವಲ್ಪ ತಡೀರಿ" ಅಂದರು. 2021ರ ಜೂನ್‌ನಲ್ಲಿ ಮಿತಿಯನ್ನು 500 ಕಿಲೋವ್ಯಾಟ್‌ಗೆ ಏರಿಸಿದರು. ಅಷ್ಟರಲ್ಲಿ ಅವರು ಆ ದುಡ್ಡನ್ನು ಗೋಡೌನಿಗೆ ಹಾಕಿಯಾಗಿತ್ತು. ನಿಯಮ ಸರಿಹೋಯಿತು, ಆ ಗಿರಾಕಿ ಮಾತ್ರ ಹೋದರು.

ಆಮೇಲೆ ನೋಡು. 2021ರ ಅಕ್ಟೋಬರ್‌ನಲ್ಲಿ ಸೋಲಾರ್ ಸಾಮಾನಿನ ಜಿಎಸ್‌ಟಿ 5ರಿಂದ 12 ಆಯಿತು. 2022ರ ಏಪ್ರಿಲ್‌ನಿಂದ ಹೊರದೇಶದ ಮಾಡ್ಯೂಲಿಗೆ, ಅಂದರೆ ಪ್ಯಾನೆಲ್ಲಿಗೆ, 40% ಆಮದು ಸುಂಕ. ಸರ್ಕಾರ ಒಪ್ಪಿದ ತಯಾರಕರ ಪಟ್ಟಿಯಲ್ಲಿರುವ ಮಾಡ್ಯೂಲನ್ನೇ ಹಾಕಬೇಕು ಅನ್ನುವ ನಿಯಮ ಒಮ್ಮೆ ಬಂತು, 2024ರ ಮಾರ್ಚ್‌ವರೆಗೆ ಒಂದು ವರ್ಷ ಅದನ್ನು ತಡೆಹಿಡಿದರು, ಏಪ್ರಿಲ್‌ನಿಂದ ಮತ್ತೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಪುನಃ 5ಕ್ಕೆ ಬಂತು. ಇದರಲ್ಲಿ ಒಂದೊಂದಕ್ಕೂ ಕಾರಣ ಇದೆ, ಇಲ್ಲ ಅನ್ನುವುದಿಲ್ಲ. ದೇಶದಲ್ಲೇ ಪ್ಯಾನೆಲ್ ತಯಾರಾಗಲಿ ಅನ್ನುವುದು ಒಳ್ಳೆಯದೇ. ಆದರೆ ನಾನು ಕೊಟ್ಟ ಕೊಟೇಶನ್ನು 15 ದಿನಕ್ಕಿಂತ ಹೆಚ್ಚು ನಿಲ್ಲದ ಹಾಗಾದಾಗ ವ್ಯಾಪಾರ ಮಾಡುವುದು ಹೇಗೆ ಹೇಳು.

ಇನ್ನು ಗೃಹಜ್ಯೋತಿ. ಬಡವರ ಮನೆಗೆ ಅದು ಬೇಕೇ ಬೇಕು, ಅದರ ಬಗ್ಗೆ ಇಲ್ಲಿ ಜಗಳ ಬೇಡ. ಆದರೆ ತಿಂಗಳಿಗೆ 200 ಯೂನಿಟ್ ಒಳಗಿನ ಬಿಲ್ಲು ಸೊನ್ನೆ ಬರುವಾಗ, ಪಿಎಂ ಸೂರ್ಯಘರ್‌ನಲ್ಲಿ 78 ಸಾವಿರ ಸಬ್ಸಿಡಿ ಇದೆ ಸೋಲಾರ್ ಹಾಕಿಸಿ ಅಂದರೆ ಜನ ನಮ್ಮ ಮುಖ ನೋಡಿ ನಗುತ್ತಾರೆ. ಎರಡೂ ಸರ್ಕಾರಗಳು ಒಂದೇ ಮೀಟರಿನ ಮೇಲೆ ಎರಡು ಬೇರೆ ಬೇರೆ ಲೆಕ್ಕ ಬರೆಯುತ್ತಿವೆ, ಅಷ್ಟೇ.

ನಿನ್ನ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು. ನಾನು ಮತ್ತು ಇಲ್ಲಿನ ಒಬ್ಬ ವೆಲ್ಡರ್ ಸೇರಿ ಮಂಗಳೂರು ಹಂಚಿನ ಮನೆಗೆ ತೂತು ಕೊರೆಯದೆ ಕೂರಿಸುವ ಸ್ಟ್ಯಾಂಡ್ ಮಾಡಿದ್ದೆವು. ಹಂಚಿನ ಕೆಳಗಿನ ರೀಪಿಗೆ ಕೊಕ್ಕೆ ಸಿಕ್ಕಿಸುವ ಹಾಗೆ. ಧಾರವಾಡದ ಮಳೆಗಾಲದಲ್ಲೂ ಸೋರಲಿಲ್ಲ. ಅದಕ್ಕೆ ಡೈ, ಅಂದರೆ ಅಚ್ಚು, ಮಾಡಿಸಬೇಕು ಅಂದರೆ ದುಡ್ಡು ಹಾಕಬೇಕು, ಎರಡು ಮೂರು ವರ್ಷ ಆರ್ಡರ್ ಬರುತ್ತದೆ ಅನ್ನುವ ನಂಬಿಕೆ ಬೇಕು. ಆ ನಂಬಿಕೆ ಇಲ್ಲದ್ದರಿಂದ ಈಗ ರೆಡಿ ಸ್ಟ್ಯಾಂಡ್ ತರಿಸಿ ಹಾಕುತ್ತೇನೆ. ವೆಲ್ಡರ್ ಗೇಟು ಗ್ರಿಲ್ಲು ಮಾಡಿಕೊಂಡಿದ್ದಾನೆ. ತಂದು ಮಾರುವವನಿಗೆ ನಿಯಮ ಬದಲಾದರೆ ಒಂದು ಲೋಡಿನ ನಷ್ಟ, ತಯಾರಿಸುವವನಿಗೆ ಶೆಡ್ಡೇ ಹೋಗುತ್ತದೆ. ಅದಕ್ಕೇ ನಮ್ಮ ಊರುಗಳಲ್ಲಿ ಡೀಲರ್‌ಗಳು ಜಾಸ್ತಿ, ತಯಾರಕರು ಕಮ್ಮಿ.

ಲೆಕ್ಕಪತ್ರ

ನಾನು ಸಾಲದ ಫೈಲು ನೋಡುವ ಕಡೆಯವನು. ಯಾವ ಬ್ಯಾಂಕ್ ಅಂತ ಕೇಳಬೇಡಿ.

ನಿಮ್ಮ ಅಪ್ಪನ ಅನುಮಾನದ ಹಿಂದೆ ಒಂದು ಇತಿಹಾಸ ಇದೆ. 2014ರಲ್ಲಿ ರಾಜ್ಯ ಸರ್ಕಾರ ಜಮೀನಿರುವ ರೈತರಿಗೆ 1ರಿಂದ 3 ಮೆಗಾವ್ಯಾಟ್ ಸೋಲಾರ್ ಘಟಕ ಹಾಕಲು ಅವಕಾಶ ಕೊಟ್ಟಿತು. ಆಗ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ನಿಗದಿ ಮಾಡಿದ್ದ ದರ ಯೂನಿಟ್‌ಗೆ 8 ರೂಪಾಯಿ 40 ಪೈಸೆ. 25 ವರ್ಷದ ಒಪ್ಪಂದ. ಸಣ್ಣ ಊರಿನ ಜನ, ರೈತರು, ಮೊದಲ ಸಲ ವಿದ್ಯುತ್ ಉತ್ಪಾದಕರಾಗಲು ಹೊರಟರು. ಭೂ ಪರಿವರ್ತನೆ, ಲೈನ್ ಎಳೆಯಲು ಒಪ್ಪಿಗೆ, ಸಬ್‌ಸ್ಟೇಷನ್‌ನಲ್ಲಿ ಲೈನ್ ಸೇರಿಸುವ ಜಾಗ, ಎಲ್ಲವೂ ತಡವಾಯಿತು. ಸರ್ಕಾರವೇ ಸಮಯ ವಿಸ್ತರಿಸಿತು. ಅಷ್ಟರಲ್ಲಿ ದರ 2015ರಲ್ಲಿ 6.51 ಆಗಿತ್ತು, 2017ರಲ್ಲಿ 4.36. ಆಯೋಗ ವಿಸ್ತರಣೆ ಒಪ್ಪಲಿಲ್ಲ, ತಡ ಮಾಡಿದವರಿಗೆ ಕಡಿಮೆ ದರ ಅಂದಿತು. ಕೇಸು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ, ಸುಪ್ರೀಂ ಕೋರ್ಟ್ ತನಕ ಹೋಗಿ, ಹಿರೇಹಳ್ಳಿ ಅನ್ನುವ ಇಂಥದ್ದೇ ಸೋಲಾರ್ ಘಟಕದ ಪ್ರಕರಣದಲ್ಲಿ 2024ರ ಆಗಸ್ಟ್‌ನಲ್ಲಿ ಉತ್ಪಾದಕರ ಪರ ತೀರ್ಪು ಬಂತು.

ಗೆದ್ದರಲ್ಲ ಅನ್ನಬಹುದು. ಆದರೆ 8.40ರ ಲೆಕ್ಕದಲ್ಲಿ ತೆಗೆದ ಸಾಲದ ಕಂತನ್ನು ಹೆಚ್ಚುಕಡಿಮೆ ಅರ್ಧ ಆದಾಯದಲ್ಲಿ ವರ್ಷಗಟ್ಟಲೆ ಕಟ್ಟಿ ನೋಡಿ. ದೊಡ್ಡ ಕಂಪನಿಯಾದರೆ ವಕೀಲರಿದ್ದಾರೆ, ಬೇರೆ ಪ್ರಾಜೆಕ್ಟಿನ ದುಡ್ಡಿದೆ, ತಡೆಯುತ್ತದೆ. ಒಬ್ಬ ರೈತನ ಹೆಸರಲ್ಲಿರುವ ಘಟಕ ತಡೆಯುವುದಿಲ್ಲ. ಕೊನೆಗೆ ಪಾಲು ಮಾರಿಕೊಳ್ಳಬೇಕಾಗುತ್ತದೆ.

ನಮ್ಮ ಟೇಬಲ್ ಮೇಲೆ ಇದರ ಪರಿಣಾಮ ಏನು ಅಂದರೆ, ಇಂಥ ಒಂದು ಖಾತೆ ತೊಂದರೆಗೆ ಬಿದ್ದ ಮೇಲೆ ಅದೇ ಬಗೆಯ ಮುಂದಿನ ಹತ್ತು ಅರ್ಜಿಗೆ ಹೆಚ್ಚುವರಿ ಆಸ್ತಿ ಅಡಮಾನ ಕೇಳುತ್ತೇವೆ, ಬಡ್ಡಿ ಸ್ವಲ್ಪ ಏರುತ್ತದೆ. ಎಲ್ಲೂ "ನೀತಿಯ ಅಪಾಯ" ಅಂತ ಬರೆಯುವುದಿಲ್ಲ, ಆದರೆ ಲೆಕ್ಕದೊಳಗೆ ಅದು ಕೂತಿರುತ್ತದೆ. ಅಡಮಾನಕ್ಕೆ ಬೆಂಗಳೂರಲ್ಲಿ ಸೈಟು ಇದ್ದವನಿಗೆ ಸಾಲ ಸಿಗುತ್ತದೆ. ಹಿರಿಯೂರಲ್ಲಿ ಎರಡು ಎಕರೆ ಖುಷ್ಕಿ ಇದ್ದವನಿಗೆ ಸಿಗುವುದಿಲ್ಲ. ಒಂದೇ ನಿಯಮ, ಒಂದೇ ಅನಿಶ್ಚಿತತೆ, ಆದರೆ ಹೊರೆ ಬೀಳುವುದು ಜಿಲ್ಲೆ ನೋಡಿ.

ಮೀಟರ್ ಬೋರ್ಡ್ ಮಾಮ

ನಿವೃತ್ತ ಎಂಜಿನಿಯರ್ ನಾನು. ಎಲ್ಲರೂ ಸರ್ಕಾರವನ್ನು ಬೈಯುವುದಕ್ಕೆ ಶುರು ಮಾಡುವ ಮೊದಲು ಈ ಕಡೆಯ ಮಾತೂ ಇರಲಿ.

ಮೇಲೆ 8.40 ಅಂದರಲ್ಲ, 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಾದ್ಲಾದಲ್ಲಿ ಸೋಲಾರ್ ಹರಾಜು 2 ರೂಪಾಯಿ 44 ಪೈಸೆಗೆ ಮುಗಿಯಿತು. ಪ್ಯಾನೆಲ್ ಬೆಲೆ ಅಷ್ಟು ಬಿದ್ದಿತ್ತು. ತಡ ಮಾಡಿ, ಅಗ್ಗದ ಪ್ಯಾನೆಲ್ ಕೊಂಡು, ಹಳೆಯ ದರ ಕೇಳಿದವರೂ ಇದ್ದರು. ಆ ದುಡ್ಡು ಯಾರು ಕೊಡಬೇಕು? ನೀವು, ನಾನು, ಹಿಟ್ಟಿನ ಗಿರಣಿಯವನು. ತಂತ್ರಜ್ಞಾನ ಇಷ್ಟು ವೇಗವಾಗಿ ಓಡುವಾಗ ದರ ಹತ್ತು ವರ್ಷ ಅಲ್ಲಾಡಬಾರದು ಅನ್ನುವುದು ನ್ಯಾಯವಲ್ಲ. ಬದಲಾವಣೆ ಬೇರೆ, ಅನಿಶ್ಚಿತತೆ ಬೇರೆ. ಮುಂದೆ ಬರುವವರಿಗೆ ದರ ಇಳಿಸಿ, ಮೊದಲೇ ತಿಳಿಸಿ, ಯಾರೂ ಬೇಡ ಅನ್ನುವುದಿಲ್ಲ. ಸಹಿ ಹಾಕಿ ಘಟಕ ಕಟ್ಟಿದವನ ನಿಯಮವನ್ನು ಆಮೇಲೆ ತಿದ್ದುವುದು ತಪ್ಪು.

ಅಂಥದ್ದೂ ಆಗಿದೆ. 2018ರ ಮಾರ್ಚ್ ಒಳಗೆ ಶುರುವಾದ ಸೋಲಾರ್ ಘಟಕಗಳಿಗೆ ವೀಲಿಂಗ್ (ಗ್ರಿಡ್ ಲೈನಿನಲ್ಲಿ ಕರೆಂಟ್ ಸಾಗಿಸುವುದು), ಬ್ಯಾಂಕಿಂಗ್ (ಹೆಚ್ಚಾದ ಕರೆಂಟ್ ಗ್ರಿಡ್ಡಿಗೆ ಕೊಟ್ಟು ಆಮೇಲೆ ಪಡೆಯುವುದು) ಶುಲ್ಕ 10 ವರ್ಷ ಇಲ್ಲ ಅಂತ ಮೊದಲು ಹೇಳಿದರು. ಅದಕ್ಕೇ ಆ ವರ್ಷ ಚಳ್ಳಕೆರೆಯಂಥ ಕಡೆ ಹಗಲು ರಾತ್ರಿ ಕೆಲಸ ನಡೆದು ಸಾವಿರಾರು ಮೆಗಾವ್ಯಾಟ್ ಬಂತು, ಕರ್ನಾಟಕ ದೇಶಕ್ಕೇ ಮೊದಲಾಯಿತು. ಘಟಕ ಕಟ್ಟಿದ್ದು ಮುಗಿದ ಮೇಲೆ 2018ರ ಮೇನಲ್ಲಿ ಆ ರಿಯಾಯಿತಿಯನ್ನು ಮೊಟಕು ಮಾಡಿ ಆದೇಶ ಬಂತು. ಹೈಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ಈ ಗಡುವಿನ ಓಟದಲ್ಲಿ ಯಾರೂ ಹೊಸದನ್ನು ಯೋಚಿಸುವುದಿಲ್ಲ, ಸಿಕ್ಕಿದ ಸಾಮಾನು ತಂದು ನೆಡುತ್ತಾರೆ. ಗಡುವು ಮುಗಿದ ಮೇಲೆ ಲಾರಿ ಖಾಲಿ, ಹುಡುಗರು ಖಾಲಿ.

ಗಾಳಿ ವಿದ್ಯುತ್ತಿನ ಕಥೆಯೂ ಇದೇ. 2012ರ ಏಪ್ರಿಲ್‌ನಲ್ಲಿ ತ್ವರಿತ ಸವಕಳಿಯ ತೆರಿಗೆ ಲಾಭ, ಅಂದರೆ ಯಂತ್ರದ ಬೆಲೆಯ ಬಹುಪಾಲನ್ನು ಮೊದಲ ವರ್ಷಗಳಲ್ಲೇ ಆದಾಯದಿಂದ ಕಳೆದು ತೆರಿಗೆ ಉಳಿಸುವ ಅವಕಾಶ, ತೆಗೆದರು. ದೇಶದಲ್ಲಿ ವರ್ಷಕ್ಕೆ 3,200 ಮೆಗಾವ್ಯಾಟ್ ಹತ್ತಿರ ಬರುತ್ತಿದ್ದದ್ದು 1,700ಕ್ಕೆ ಬಿತ್ತು. 2014ರಲ್ಲಿ ವಾಪಸ್ ಕೊಟ್ಟರು. 2016-17ರಲ್ಲಿ 5,500ಕ್ಕೆ ಏರಿತು, ಹರಾಜು ಪದ್ಧತಿ ಬಂದ ಮೇಲೆ ಮರುವರ್ಷ ಮತ್ತೆ ಸುಮಾರು 1,800. ಕ್ರೇನ್ ಇಟ್ಟುಕೊಂಡವನು, ಟವರ್ ಬೆಸುಗೆ ಹಾಕುವವನು, ಗುಡ್ಡಕ್ಕೆ ರಸ್ತೆ ಕಡಿಯುವವನು ಇಂಥ ಏರಿಳಿತದಲ್ಲಿ ಹೇಗೆ ಬದುಕಬೇಕು? ಕಲಿತ ಕೈಗಳು ಬೇರೆ ಕೆಲಸಕ್ಕೆ ಹೋದರೆ ಮತ್ತೆ ಬರುವುದಿಲ್ಲ.

ಇಷ್ಟು ಹೇಳಿ ಇನ್ನೊಂದು ಮಾತು, ಇದು ಯಾರಿಗೂ ಇಷ್ಟ ಆಗುವುದಿಲ್ಲ. ನೀತಿ ಗಟ್ಟಿಯಾಗಿದ್ದರೆ ಆವಿಷ್ಕಾರ ತಾನಾಗಿ ಬರುತ್ತದೆ ಅಂತ ತಿಳಿಯಬೇಡಿ. ಪಾವಗಡದ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವ್ಯಾಟ್, 13 ಸಾವಿರ ಎಕರೆ, ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿ. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ, ಎರಡು ವರ್ಷಕ್ಕೊಮ್ಮೆ 5% ಏರಿಕೆ, ಎಲ್ಲಾ ಬರವಣಿಗೆಯಲ್ಲಿ. ಇದಕ್ಕಿಂತ ಖಚಿತ ಏನು ಬೇಕು? ಜಮೀನಿದ್ದವರಿಗೆ ಬರಗಾಲದ ಭಯ ಹೋಯಿತು, ಒಪ್ಪುತ್ತೇನೆ. ಆದರೆ ಅಲ್ಲಿ ಹುಟ್ಟಿದ ಕೆಲಸ ಹುಲ್ಲು ತೆಗೆಯುವುದು, ಪ್ಯಾನೆಲ್ ತೊಳೆಯುವುದು, ಕಾವಲು. ಜಮೀನಿಲ್ಲದ ಕೂಲಿಯವರಿಗೆ ಇದ್ದ ಹೊಲದ ಕೆಲಸವೂ ಹೋಯಿತು. ಅಷ್ಟು ದೊಡ್ಡ ಪಾರ್ಕಿನ ಪಕ್ಕ ಇನ್ವರ್ಟರ್ ರಿಪೇರಿ ಕಲಿಸುವ ಒಂದು ಒಳ್ಳೆಯ ಕೇಂದ್ರ, ಧೂಳು ಒರೆಸುವ ಯಂತ್ರ ಮಾಡುವ ಹತ್ತು ಸಣ್ಣ ಶೆಡ್ಡು ಇರಬೇಕಿತ್ತು, ಅಲ್ವಾ? ಖಚಿತತೆ ಸಿಕ್ಕಿದ್ದು ಹೂಡಿಕೆಗೆ. ಸ್ಥಳೀಯ ಕೈಚಳಕಕ್ಕೆ ಅಂತ ಯಾರೂ ಒಂದು ಸಾಲು ಬರೆಯಲಿಲ್ಲ.

ಬ್ಯಾಟರಿ ಭಟ್ಟ

ಮಾಮನ ಪಾವಗಡದ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಆದರೆ ಅನಿಶ್ಚಿತತೆ ಲ್ಯಾಬಿನೊಳಗೆ ಏನು ಮಾಡುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಬೆಂಗಳೂರಲ್ಲಿ ವಿದ್ಯುತ್ ಸ್ಕೂಟರ್ ಕ್ಷೇತ್ರದಲ್ಲಿದ್ದೇನೆ, ಕಂಪನಿ ಹೆಸರು ಬೇಡ.

ಫೇಮ್ ಅಂದರೆ ವಿದ್ಯುತ್ ವಾಹನಕ್ಕೆ ಕೇಂದ್ರ ಕೊಡುತ್ತಿದ್ದ ಸಬ್ಸಿಡಿ ಯೋಜನೆ. ಅದರ ಎರಡನೇ ಹಂತ 2019ರಲ್ಲಿ ಶುರುವಾದಾಗ ಬ್ಯಾಟರಿಯ ಒಂದೊಂದು ಕಿಲೋವ್ಯಾಟ್ ಅವರ್‌ಗೆ 10 ಸಾವಿರ ಸಬ್ಸಿಡಿ. 2021ರ ಜೂನ್‌ನಲ್ಲಿ 15 ಸಾವಿರ, ಗಾಡಿ ಬೆಲೆಯ 40%ವರೆಗೆ. 2023ರ ಜೂನ್‌ನಲ್ಲಿ ಮತ್ತೆ 10 ಸಾವಿರ, ಮಿತಿ 15%. ಕೆಲವೇ ದಿನದ ಮುಂಚೆ ತಿಳಿಸಿದ್ದು. ಮೇನಲ್ಲಿ ದೇಶದಲ್ಲಿ 1 ಲಕ್ಷ ದಾಟಿದ್ದ ನೋಂದಣಿ ಜೂನ್‌ನಲ್ಲಿ 50 ಸಾವಿರದೊಳಗೆ ಬಂತು. 2024ರ ಏಪ್ರಿಲ್‌ನಲ್ಲಿ ಇನ್ನೊಂದು ತಾತ್ಕಾಲಿಕ ಯೋಜನೆ, 5 ಸಾವಿರ. ಅಕ್ಟೋಬರ್‌ನಲ್ಲಿ ಅದರ ಬದಲು ಪಿಎಂ ಇ-ಡ್ರೈವ್ ಯೋಜನೆ. 2025ರ ಏಪ್ರಿಲ್‌ನಿಂದ 2,500.

ಸಬ್ಸಿಡಿ ಕ್ರಮೇಣ ಇಳಿಯಬೇಕು, ಅದು ಸರಿ. ಆದರೆ ಆ 2023ರ ಬೇಸಿಗೆಯಲ್ಲಿ ನಮ್ಮ ತಂಡ ಮಾಡುತ್ತಿದ್ದದ್ದು ಬ್ಯಾಟರಿ ಸೆಲ್ ಬಿಸಿಯಾಗುವುದನ್ನು ಮೊದಲೇ ಹಿಡಿಯುವ ಒಂದು ವ್ಯವಸ್ಥೆ. ರಾಯಚೂರು, ಕಲಬುರಗಿಯ ಬಿಸಿಲಿಗೆ ಬೇಕಾದದ್ದು. ಸುದ್ದಿ ಬಂದ ವಾರವೇ ಅದನ್ನು ಪಕ್ಕಕ್ಕಿಟ್ಟು ಎಲ್ಲರೂ ಕೂತು ಒಂದೊಂದು ಕನೆಕ್ಟರ್, ಒಂದೊಂದು ಬ್ರಾಕೆಟ್ ಹಿಡಿದು ಎಲ್ಲಿ ಹತ್ತು ರೂಪಾಯಿ ಉಳಿಸಬಹುದು ಅಂತ ಲೆಕ್ಕ ಹಾಕಿದೆವು. ವೆಚ್ಚ ಇಳಿಸುವುದೂ ಎಂಜಿನಿಯರಿಂಗೇ, ಕೀಳಲ್ಲ. ಆದರೆ ಮೂರು ವರ್ಷದ ಕೆಲಸಕ್ಕೆ ಕೈ ಹಾಕಲು ಆಮೇಲೆ ಯಾರೂ ಮುಂದೆ ಬರಲಿಲ್ಲ. ಮುಂದಿನ ಆರು ತಿಂಗಳು ಕಾಣುವ ಕೆಲಸಕ್ಕೆ ಮಾತ್ರ ದುಡ್ಡು.

ನಮ್ಮ ರಾಜ್ಯದ್ದೂ ಹೇಳಬೇಕು. 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ನಾವು. 2021ರಲ್ಲಿ ಇ-ಬೈಕ್ ಟ್ಯಾಕ್ಸಿ ಯೋಜನೆ ಬಂತು, ಅದನ್ನು ನಂಬಿ ಜನ ಗಾಡಿ ಕೊಂಡರು, 2024ರ ಮಾರ್ಚ್‌ನಲ್ಲಿ ವಾಪಸ್. ಇನ್ನು ಕಾರ್ಖಾನೆ ನೋಡಿ, ತಲೆ ಓಡುವುದು ಬೆಂಗಳೂರಲ್ಲಿ, ಗಾಡಿ ತಯಾರಾಗುವುದು ಹೊಸೂರು, ಕೃಷ್ಣಗಿರಿಯಲ್ಲಿ. ಏಥರ್, ಓಲಾ ಎರಡೂ ಅಲ್ಲೇ. ಜಾಗದ ಬೆಲೆ, ಬಿಡಿಭಾಗದವರು ಹತ್ತಿರ ಇರುವುದು, ತಮಿಳುನಾಡಿನವರ ಚುರುಕು, ಹಲವು ಕಾರಣ ಇವೆ, ಎಲ್ಲವನ್ನೂ ನೀತಿಯ ತಲೆಗೆ ಕಟ್ಟುವುದಿಲ್ಲ. ಆದರೆ ತುಮಕೂರು, ಹಾಸನಕ್ಕೆ ಬರಬಹುದಾಗಿದ್ದ ಕೆಲಸ ಗಡಿ ದಾಟಿತು ಅನ್ನುವುದಂತೂ ನಿಜ.

ಲೈಪ್‌ಜಿಗ್ ಕನ್ನಡಿಗ

ದೂರದಿಂದ ಒಂದು ಸಣ್ಣ ಉದಾಹರಣೆ. ನಾನಿರುವ ಊರಿನ ಹತ್ತಿರ ಥಾಲ್‌ಹೈಮ್ ಅಂತ ಹಳ್ಳಿ ಇದೆ. ಹಳೆಯ ಪೂರ್ವ ಜರ್ಮನಿ, ರಾಸಾಯನಿಕ ಕಾರ್ಖಾನೆಗಳು ಮುಚ್ಚಿ ಜನ ಕೆಲಸ ಕಳೆದುಕೊಂಡ ಜಾಗ. 1999ರಲ್ಲಿ ಶುರುವಾದ ಸೋಲಾರ್ ಸೆಲ್ ಕಂಪನಿ ಕ್ಯೂ-ಸೆಲ್ಸ್ ಅಲ್ಲಿ ಕಾರ್ಖಾನೆ ಕಟ್ಟಿತು. 2000ದ ನವೀಕರಣ ಇಂಧನ ಕಾಯ್ದೆ 20 ವರ್ಷ ಖಚಿತ ದರ ಕೊಟ್ಟಿತ್ತು. ಕೆಲವೇ ವರ್ಷದಲ್ಲಿ ಜಗತ್ತಿನ ಅತಿ ದೊಡ್ಡ ಸೆಲ್ ತಯಾರಕರಲ್ಲಿ ಒಂದಾಯಿತು, ಆ ಕಡೆಗೆ 'ಸೋಲಾರ್ ಕಣಿವೆ' ಅಂತಲೇ ಹೆಸರು ಬಂತು.

ಆಮೇಲೆ ಚೀನಾದ ಅಗ್ಗದ ಸೆಲ್ ಒಂದು ಕಡೆ, ಬರ್ಲಿನ್ ಮತ್ತೆ ಮತ್ತೆ ದರ ಕಡಿತ ಮಾಡಿದ್ದು ಇನ್ನೊಂದು ಕಡೆ. 2012ರಲ್ಲಿ ದಿವಾಳಿ. ಕೊರಿಯಾದ ಹಾನ್ವಾ ಕೊಂಡಿತು, 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಸಂಶೋಧನಾ ವಿಭಾಗ ಮಾತ್ರ ಅಲ್ಲೇ ಉಳಿಯಿತು. ಕಾರ್ಖಾನೆ ಹೋದರೂ ತಿಳಿದ ಜನ ಉಳಿದರು, ಯಾಕೆಂದರೆ ಪಕ್ಕದಲ್ಲಿ ಸಂಶೋಧನಾ ಸಂಸ್ಥೆಗಳಿದ್ದವು. ಮಾಮ ಹೇಳಿದ ಪಾವಗಡಕ್ಕೂ ಇದಕ್ಕೂ ವ್ಯತ್ಯಾಸ ಅದೇ. ಒಂದು ಮಾತು ಒಪ್ಪಿಕೊಳ್ಳಲೇಬೇಕು. ಜರ್ಮನಿಯಲ್ಲಿ ಹೊಸಬರ ದರ ಇಳಿಸಿದರು, ಛಾವಣಿಯ ಮೇಲೆ ಆಗಲೇ ಹಾಕಿಸಿದವರ 20 ವರ್ಷದ ದರ ಮುಟ್ಟಲಿಲ್ಲ. ಸ್ಪೇನ್ ಹಳೆಯ ಘಟಕಗಳ ಆದಾಯಕ್ಕೂ ಕೈ ಹಾಕಿ ಇವತ್ತಿಗೂ ಅಂತರರಾಷ್ಟ್ರೀಯ ಮೊಕದ್ದಮೆ ಎದುರಿಸುತ್ತಿದೆ.

ಹಿರಿಯೂರು ಹುಡುಗ

ಇಷ್ಟೆಲ್ಲ ಬರೆದಿದ್ದಕ್ಕೆ ಧನ್ಯವಾದ. ಭಟ್ಟರೇ, ಆ ಬಿಸಿ ಹಿಡಿಯುವ ವ್ಯವಸ್ಥೆಯ ಬಗ್ಗೆ ಬೇರೆ ಮೆಸೇಜ್ ಮಾಡುತ್ತೇನೆ.

ಹಾಗಾದರೆ ಕುಸುಮ್ ಟೆಂಡರ್ ನೆಚ್ಚಿಕೊಳ್ಳದೆ ಓಡುವ ವ್ಯಾಪಾರ ಇದೆಯಾ ಅಂತ ನೋಡಬೇಕು ಅನ್ನಿಸುತ್ತಿದೆ. ಉಚಿತ ಕರೆಂಟ್ ಇದ್ದರೂ ಮೂರು ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ, ಅದರಲ್ಲೂ ಅರ್ಧ ಭಾಗ ರಾತ್ರಿ ಹೊತ್ತು. ಇರುವ ಮೋಟರನ್ನೇ ಹಗಲು ಸೋಲಾರ್‌ಗೆ, ಬೇಕಾದಾಗ ಲೈನ್‌ಗೆ ಹಾಕುವ ಹಾಗೆ ಮಾಡಿದರೆ?

ಛಾವಣಿ ಸೋಲಾರ್

ಮಾಡು. ದಾಳಿಂಬೆ, ಅಡಿಕೆ ತೋಟದವರು ಸಬ್ಸಿಡಿಗೆ ಕಾಯುವುದಿಲ್ಲ, ಬೇಸಿಗೆಯಲ್ಲಿ ಗಿಡ ಒಣಗಿದರೆ ಆಗುವ ನಷ್ಟದ ಮುಂದೆ ನಿನ್ನ ಡಬ್ಬದ ಬೆಲೆ ಏನೂ ಅಲ್ಲ. ಆದರೆ ಲೈನಿಗೂ ಸೋಲಾರಿಗೂ ನಡುವೆ ಚೇಂಜ್‌ಓವರ್ ಸ್ವಿಚ್ ಸರಿಯಾಗಿ ಹಾಕು. ಎರಡೂ ಒಂದೇ ಸಲ ಸೇರಬಾರದು, ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ.

ಲೆಕ್ಕಪತ್ರ

ಸಾಲದ ವರದಿಯಲ್ಲಿ ಸಬ್ಸಿಡಿ ಇಲ್ಲದ ಮಾರಾಟವನ್ನೇ ಮುಖ್ಯ ಆದಾಯ ಅಂತ ತೋರಿಸಿ. ಕುಸುಮ್ ಬಂದರೆ ಹೆಚ್ಚುವರಿ ಅಂತ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಪೂರ್ತಿ ಶೆಡ್ಡಿಗೆ ಒಮ್ಮೆಲೇ ಕೇಳಬೇಡಿ, ಮೊದಲು ಟೆಸ್ಟ್ ಬೆಂಚಿಗೆ ಮಾತ್ರ ಕೇಳಿ. ಸಣ್ಣ ಘಟಕಗಳಿಗೆ ಅಡಮಾನ ಇಲ್ಲದೆ ಕೊಡುವ ಸಿಜಿಟಿಎಂಎಸ್‌ಇ ಖಾತರಿ ಇದೆ, ಮ್ಯಾನೇಜರ್ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ.

ಮೀಟರ್ ಬೋರ್ಡ್ ಮಾಮ

ಚೇಂಜ್‌ಓವರ್ ಬಗ್ಗೆ ಛಾವಣಿ ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದುಕೊ. ಡ್ರಾಯಿಂಗ್ ಇಲ್ಲಿ ಹಾಕು, ನೋಡಿ ಹೇಳುತ್ತೇನೆ.